ಉಣ್ಣೆಯ ಬೇಟೆಯುಡುಪಿಗೆ ಹತ್ತಿದ ಅಂಟುಮುಳ್ಳು: ಯಾವ ಕಾಯಿಗೆ ಯಾವ ಉಪಾಯ

ಬೇಟೆಯ ಉಡುಪಿಗೆ ಉಣ್ಣೆಯನ್ನು ಆರಿಸಿಕೊಳ್ಳುವವರಿಗೆ ಅದರ ಎರಡು ಗುಣಗಳು ಮುಖ್ಯವಾಗುತ್ತವೆ. ಪೊದೆಗೆ ತಾಗಿದರೂ ಅದು ಸದ್ದು ಮಾಡುವುದಿಲ್ಲ. ನೆನೆದರೂ ಮೈಯ ಬಿಸುಪನ್ನು ಒಮ್ಮೆಗೇ ಬಿಟ್ಟುಕೊಡುವುದಿಲ್ಲ. ಉಣ್ಣೆಗೆ ಈ ಮೆತ್ತನೆಯ ಗುಣ ತಂದುಕೊಡುವ ನವಿರೆದ್ದ ಮೇಲ್ಮೈಯೇ ಅಂಟುಮುಳ್ಳುಗಳಿಗೂ ಹೇಳಿಮಾಡಿಸಿದ ನೆಲೆಯಾಗಿಬಿಡುತ್ತದೆ. ನೈಲಾನಿನ ಕೋಟಿನ ಮೇಲಿಂದ ಜಾರಿ ಬೀಳುವ ಕಾಯಿ ಉಣ್ಣೆಯ ಕೋಟಿನಲ್ಲಿ ಎಳೆಗಳ ನಡುವೆ ಹುಗಿದುಕೊಂಡು ಕೂರುತ್ತದೆ. ಸಿಟ್ಟಿನಿಂದ ಎಳೆದರೆ ಕಾಯಿಯ ಜೊತೆಗೆ ಒಂದು ಚಿಟಿಕೆ ಉಣ್ಣೆಯೂ ಕಿತ್ತುಬರುತ್ತದೆ, ಕಾಯಿಯ ಅರ್ಧ ಭಾಗ ಬಟ್ಟೆಯಲ್ಲೇ ಉಳಿಯುತ್ತದೆ.

ಇದಕ್ಕೆ ಜನ ಹೇಳುವ ಉಪಾಯಗಳು ಹಲವಾರು: ಕೈಯಿಂದ ಆರಿಸುವುದು, ಬಾಚಣಿಗೆ, ಚಿಮಟ, ಇಕ್ಕಳ, ಮೊಂಡು ಚಾಕು, ತಂತಿ ಬ್ರಷ್, ಅಂಟುಟೇಪು, ರೇಜರು, ಎಣ್ಣೆ, ತಲೆಗೂದಲಿಗೆ ಹಚ್ಚುವ ಕಂಡೀಶನರ್, ಫ್ರೀಜರು, ವಾಷಿಂಗ್ ಮೆಷಿನ್, ಡ್ರೈಯರ್. ಇವುಗಳಲ್ಲಿ ಯಾವುದೂ ಎಲ್ಲ ಸಂದರ್ಭಕ್ಕೂ ಒಗ್ಗುವುದಿಲ್ಲ. ಕೆಲವಂತೂ ಯಾವ ಸಂದರ್ಭಕ್ಕೂ ಒಗ್ಗುವುದಿಲ್ಲ. ಉಪಕರಣವನ್ನು ಕೈಗೆತ್ತಿಕೊಳ್ಳುವ ಮುನ್ನ ಎರಡು ಸಂಗತಿಗಳನ್ನು ನೋಡಿಕೊಳ್ಳಬೇಕು. ಕಾಯಿ ಬಟ್ಟೆಯನ್ನು ಯಾವ ಬಗೆಯಲ್ಲಿ ಹಿಡಿದಿದೆ ಎಂಬುದು ಮೊದಲನೆಯದು. ಬಟ್ಟೆಯ ನೇಯ್ಗೆ ಎಷ್ಟು ಬಿಗಿ, ಮೇಲ್ಮೈ ಎಷ್ಟು ಜುಂಗು ಎಂಬುದು ಎರಡನೆಯದು. ಇವೆರಡರ ಮೇಲೂ ನಿಲ್ಲುವ ಒಂದು ನಿಯಮವನ್ನು ಈ ಬರಹದುದ್ದಕ್ಕೂ ಪಾಲಿಸಲಾಗಿದೆ: ಮುಳ್ಳು ಮತ್ತು ಎಳೆಗಳಲ್ಲಿ ಯಾವುದಾದರೊಂದು ಮುರಿಯಲೇಬೇಕಾದರೆ ಮುರಿಯುವುದು ಮುಳ್ಳಾಗಿರಬೇಕು.

ಕಾಯಿ ಹಿಡಿಯುವ ಬಗೆ

ಮೊದಲ ಗುಂಪು ಕೊಕ್ಕೆಯವು. ಇವುಗಳಲ್ಲಿ ಹೆಚ್ಚು ಕಾಡುವುದು ಬರ್ಡಾಕ್ ಎಂಬ ಕಳೆಗಿಡ. ಅದರ ಹೂಗೊಂಚಲನ್ನು ಸುತ್ತುವರಿದ ಪ್ರತಿಯೊಂದು ಎಸಳಿನ ತುದಿಯೂ ಒಳಮುಖವಾಗಿ ಬಾಗಿ ಕೊಕ್ಕೆಯಾಗಿರುತ್ತದೆ, ಮತ್ತು ಕಾಯಿ ದುಂಡಗಿರುವುದರಿಂದ ಕೊಕ್ಕೆಗಳು ಎಲ್ಲ ದಿಕ್ಕಿಗೂ ಚಾಚಿಕೊಂಡಿರುತ್ತವೆ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ತ್ರಾಲ್ 1941ರಲ್ಲಿ ತನ್ನ ಬಟ್ಟೆಗೂ ನಾಯಿಯ ತುಪ್ಪಳಕ್ಕೂ ಅಂಟಿದ ಇಂಥ ಕಾಯಿಗಳನ್ನು ನೋಡಿಯೇ ವೆಲ್ಕ್ರೋ ಪಟ್ಟಿಯ ಹೊಳಹು ಪಡೆದದ್ದು. ಆದರೆ ವೆಲ್ಕ್ರೋ ಚಪ್ಪಟೆಯಾದ ಪಟ್ಟಿಯಾದ್ದರಿಂದ ಒಂದು ಅಂಚಿನಿಂದ ಸುಲಿದರೆ ಸಾಲುಸಾಲಾಗಿ ಬಿಟ್ಟುಕೊಡುತ್ತದೆ. ದುಂಡನೆಯ ಕಾಯಿಯನ್ನು ಯಾವ ಅಂಚಿನಿಂದ ಸುಲಿದರೂ ಆ ಕ್ಷಣದಲ್ಲೇ ಇನ್ನೊಂದು ಬದಿಯ ಕೊಕ್ಕೆಗಳು ಹೊಸದಾಗಿ ಕಚ್ಚಿಕೊಳ್ಳುತ್ತವೆ. ಇದಲ್ಲದೆ ಒಣಗಿದ ಬರ್ಡಾಕ್ ಕಾಯಿ ಬೆರಳೊತ್ತಿಗೆ ಪುಡಿಯಾಗಿ ಚೆದರುವ ಸ್ವಭಾವದ್ದು. ಒಂದು ಕಾಯಿ ಇದ್ದ ಕಡೆ ಹತ್ತಾರು ಬಿಡಿ ಕೊಕ್ಕೆಗಳು, ಬೀಜಗಳು ಮತ್ತು ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಗೂದಲುಗಳು ಹರಡುತ್ತವೆ. ಆ ಬಿರುಗೂದಲು ಕಣ್ಣಿಗೆ ಬಿದ್ದರೆ ಕಣ್ಣಿನ ಮೇಲ್ಪದರವನ್ನು ಗೀರಿ ದಿನಗಟ್ಟಲೆ ಕಾಡುವ ಉರಿಯೂತ ಉಂಟಾಗಬಹುದು. ಹೀಗಾಗಿ ಬರ್ಡಾಕ್ ಬಿಡಿಸುವ ಕೆಲಸವನ್ನು ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು, ಕಣ್ಣಿಗೆ ಕನ್ನಡಕವಿಟ್ಟುಕೊಂಡು ಮಾಡುವುದು ಅತಿ ಎಚ್ಚರವೇನೂ ಅಲ್ಲ.

ಮರುಳುಮತ್ತಿ ಎನ್ನುವ ಕ್ಸಾಂಥಿಯಂ ಕಾಯಿಯೂ ಕೊಕ್ಕೆಯದೇ. ಸ್ವಭಾವ ಮಾತ್ರ ತದ್ವಿರುದ್ಧ. ಅದು ಉದ್ದುರುಟಾದ, ಮರದಷ್ಟು ಗಟ್ಟಿಯಾದ ಕಾಯಿ. ಬೆರಳಿನಿಂದ ಹಿಸುಕಿದರೆ ನೋಯುವುದು ಬೆರಳಿಗೇ ಹೊರತು ಕಾಯಿಗೆ ಏನೂ ಆಗುವುದಿಲ್ಲ. ಇದರ ಅನುಕೂಲವೆಂದರೆ ಕಾಯಿ ಇಡಿಯಾಗಿಯೇ ಇರುತ್ತದೆ, ಚೂರುಗಳು ಚೆದರುವುದಿಲ್ಲ. ಅನಾನುಕೂಲವೆಂದರೆ ಅದರ ಕೊಕ್ಕೆಗಳು ಬಾಗದಷ್ಟು ಬಿರುಸಾಗಿದ್ದು, ಎಳೆದಾಗ ಸೋಲುವುದು ಉಣ್ಣೆಯೇ. ಮೆಡಿಕಾಗೊ ಎಂಬ ಗಿಡದ ಸುರುಳಿ ಸುತ್ತಿದ ಪುಟ್ಟ ಕಾಯಿಗಳು, ಗೇಲಿಯಂ ಬಳ್ಳಿಯ ಸಾಸಿವೆ ಗಾತ್ರಕ್ಕಿಂತ ತುಸು ದೊಡ್ಡ ಕಾಯಿಗಳು ಇದೇ ಕೊಕ್ಕೆಯ ಗುಂಪಿನ ಕಿರಿಯರು.

ಎರಡನೆಯ ಗುಂಪು ಹಿಮ್ಮುಳ್ಳಿನವು. ಬಿಡೆನ್ಸ್ ಗಿಡದ ಕಡ್ಡಿಯಂಥ ಬೀಜದ ತುದಿಯಲ್ಲಿ ಸಾಮಾನ್ಯವಾಗಿ ಎರಡರಿಂದ ನಾಲ್ಕು ಚೂಪು ಕವಲುಗಳಿದ್ದು, ಅವುಗಳ ಮೇಲಿನ ಸೂಕ್ಷ್ಮ ಮುಳ್ಳುಗಳು ಬೀಜದ ಕಡೆಗೆ ಹಿಂದಕ್ಕೆ ಬಾಗಿರುತ್ತವೆ. ಗಾಳದ ಮುಳ್ಳಿನಂತೆ ಒಳಗೆ ಹೋಗುವುದು ಸುಲಭ, ಬಂದ ದಾರಿಯಲ್ಲೇ ವಾಪಸಾಗುವುದು ಕಷ್ಟ. ಹೆಟೆರೋಪೋಗನ್ ಜಾತಿಯ ಊಬಿನ ಹುಲ್ಲು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದರ ಉದ್ದನೆಯ ಊಬು ತೇವಕ್ಕೆ ಬಿಚ್ಚಿಕೊಂಡು ಒಣಗಿದಾಗ ತಿರುಚಿಕೊಳ್ಳುವುದರಿಂದ, ಸೂಜಿಮೊನೆಯ ಬೀಜ ತನ್ನಷ್ಟಕ್ಕೆ ಒಳಕ್ಕೆ ಕೊರೆಯುತ್ತಾ ಸಾಗುತ್ತದೆ. ಬೆಳಗ್ಗೆ ಕೋಟಿನ ಹೊರಗಿದ್ದದ್ದು ಸಂಜೆಗೆ ಒಳಂಗಿಯನ್ನು ದಾಟಿ ಚರ್ಮಕ್ಕೆ ಚುಚ್ಚುವುದಕ್ಕೆ ಕಾರಣ ಇದೇ.

ಮೂರನೆಯವು ಚಪ್ಪಟೆಯಾಗಿ ಅಂಟುವಂಥವು. ಡೆಸ್ಮೋಡಿಯಂ ಎಂಬ ಗಿಡದ ಕಾಯಿಯ ತುಂಡುಗಳ ಮೈತುಂಬ ಕೊಕ್ಕೆಗೂದಲಿರುತ್ತದೆ. ನೋಡಲು ಅಂಟು ಸವರಿದ ಎಲೆಯ ಚೂರಿನಂತಿದ್ದು, ಸಂಖ್ಯೆಯಲ್ಲಿ ನೂರಾರು ಬರುತ್ತವೆ. ಉತ್ತರಾಣಿಯ ಕಾಯಿ ಹಿಡಿಯುವ ಬಗೆ ಬೇರೆಯಾದರೂ ಬಿಡಿಸುವ ಮಟ್ಟಿಗೆ ಇದೇ ಗುಂಪಿಗೆ ಸೇರಿಸಬಹುದು. ಸೆಂಕ್ರಸ್ ಹುಲ್ಲಿನ ಮುಳ್ಳುಗುಂಡುಗಳು ಬಟ್ಟೆಗಿಂತ ಬೆರಳಿಗೇ ಹೆಚ್ಚು ಅಪಾಯಕಾರಿ; ಅವನ್ನು ಬರಿಗೈಯಲ್ಲಿ ಮುಟ್ಟಬಾರದು ಎನ್ನುವುದನ್ನು ಬಿಟ್ಟರೆ ಇಲ್ಲಿ ಹೇಳಬೇಕಾದ್ದು ಹೆಚ್ಚಿಲ್ಲ.

ಬಟ್ಟೆಯ ಬಗೆ

ಉಣ್ಣೆಯೆಂದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ನೇಯ್ದ ಮೇಲೆ ನೀರಿನಲ್ಲಿ ಒತ್ತಿ ಕುಗ್ಗಿಸಿ ದಟ್ಟವಾಗಿಸಿದ ಲೋಡನ್, ಮೆಲ್ಟನ್, ಮ್ಯಾಕಿನಾ ಬಟ್ಟೆಗಳಲ್ಲಿ ನೂಲುಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಂಥ ಬಟ್ಟೆಯಲ್ಲಿ ಮುಳ್ಳು ಹಿಡಿದಿರುವುದು ಮೇಲಿನ ನವಿರನ್ನೇ ಹೊರತು ನೂಲನ್ನಲ್ಲ. ಸ್ವಲ್ಪ ನವಿರು ಕಿತ್ತುಬಂದರೂ ಬಟ್ಟೆಗೆ ತೂತಾಗುವುದಿಲ್ಲ. ಕೆರೆಯುವ, ಉಜ್ಜುವ ಉಪಕರಣಗಳನ್ನು ಧೈರ್ಯವಾಗಿ ಬಳಸಬಹುದಾದದ್ದು ಇಲ್ಲಿ ಮಾತ್ರ. ಟ್ವೀಡಿನಂಥ ಸಡಿಲ ನೇಯ್ಗೆಯಲ್ಲಿ ಕೊಕ್ಕೆ ನೂಲಿನ ಕೆಳಗೇ ನುಗ್ಗಿರುವ ಸಂಭವ ಹೆಚ್ಚು. ಹೆಣೆದ ಸ್ವೆಟರು, ಟೊಪ್ಪಿ, ಕೈಗವಸುಗಳಲ್ಲಿ ಪರಿಸ್ಥಿತಿ ಇನ್ನೂ ನಾಜೂಕು: ಒಂದು ಕುಣಿಕೆಯನ್ನು ಎಳೆದರೆ ಸಾಲಿನುದ್ದಕ್ಕೂ ನೂಲು ಸೆಳೆದುಕೊಳ್ಳುತ್ತದೆ, ಒಂದು ಕುಣಿಕೆ ಕತ್ತರಿಸಿದರೆ ಹೆಣಿಗೆಯೇ ಬಿಚ್ಚಿಕೊಳ್ಳತೊಡಗುತ್ತದೆ. ಮೈಗೆ ಅಂಟಿಕೊಳ್ಳುವ ಮೆರಿನೋ ಎಂಬ ನಯ ಉಣ್ಣೆಯ ತೆಳು ಒಳಂಗಿ ಈ ಎಲ್ಲಕ್ಕಿಂತ ಸುಲಭವಾಗಿ ತೂತಾಗುವಂಥದು. ಅದಕ್ಕೆ ಮುಳ್ಳು ಹತ್ತುವ ಸಂದರ್ಭವೇ ಬರದಂತೆ ನೋಡಿಕೊಳ್ಳುವುದು ಲೇಸು.

ಮೊದಲು ಒಣಗಿಸುವುದು

ಯಾವ ಉಪಕರಣವನ್ನು ಆರಿಸಿಕೊಂಡರೂ ಉಡುಪು ಒಣಗಿರಬೇಕು. ಇದಕ್ಕೆ ಎರಡು ಕಾರಣಗಳಿವೆ. ಗಾಳಿಯಲ್ಲಿನ ತೇವವನ್ನು ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರವರೆಗೂ ಹೀರಿಕೊಳ್ಳಬಲ್ಲದು, ಮತ್ತು ಹಾಗೆ ತೇವಗೊಂಡ ಎಳೆ ಒಣ ಎಳೆಗಿಂತ ದುರ್ಬಲವಾಗಿಯೂ ಹೆಚ್ಚು ಹಿಗ್ಗುವಂಥದ್ದಾಗಿಯೂ ಇರುತ್ತದೆ. ಒಣ ಸಸ್ಯಭಾಗದ ಕಥೆ ಇದಕ್ಕೆ ವ್ಯತಿರಿಕ್ತ: ತೇವವಿದ್ದಾಗ ಬಾಗುವ ಕೊಕ್ಕೆ ಒಣಗಿದಾಗ ಪಟಕ್ಕನೆ ಮುರಿಯುತ್ತದೆ. ಅಂದರೆ ಒದ್ದೆ ಕೋಟಿನಲ್ಲಿ ಮುಳ್ಳಿನದೇ ಮೇಲುಗೈ, ಒಣಗಿದ ಕೋಟಿನಲ್ಲಿ ಎಳೆಯದು. ಕೋಟನ್ನು ಅಗಲ ಭುಜದ ಹ್ಯಾಂಗರಿಗೆ ತೂಗುಹಾಕಿ, ಒಲೆಯಿಂದಲೂ ಹೀಟರಿನಿಂದಲೂ ದೂರವಾಗಿ, ಗಾಳಿಯಾಡುವಲ್ಲಿ ಒಂದು ರಾತ್ರಿ ಬಿಟ್ಟರೆ ಸಾಮಾನ್ಯವಾಗಿ ಸಾಕಾಗುತ್ತದೆ. ಭಾರವಾದ, ಪೂರ್ತಿ ನೆನೆದ ಕೋಟಿಗೆ ಇನ್ನೂ ಹೆಚ್ಚು ಸಮಯ ಬೇಕಾದೀತು. ದಣಿದು ಬಂದ ಸಂಜೆಯಲ್ಲೇ ಎಲ್ಲವನ್ನೂ ಕಿತ್ತುಹಾಕುವ ಹಟ ಉಡುಪಿಗೆ ಒಳ್ಳೆಯದಲ್ಲ.

ಇದಕ್ಕೊಂದು ಅಪವಾದವಿದೆ. ಬೇಟೆಯ ನಡುವೆಯೇ ಕೆಲವು ಜಾಗದ ಮುಳ್ಳುಗಳನ್ನು ತೆಗೆಯಬೇಕಾಗುತ್ತದೆ: ಬೆನ್ನುಚೀಲದ ಪಟ್ಟಿಯ ಕೆಳಗೆ, ಬಂದೂಕಿನ ಹಿಡಿ ಒತ್ತುವ ಭುಜದ ಮೇಲೆ, ಕಂಕುಳಿನ ಸುತ್ತ, ಕುಳಿತಾಗ ಒತ್ತಿಗೆ ಸಿಗುವ ಭಾಗದಲ್ಲಿ. ಉಣ್ಣೆಯ ಎಳೆಯ ಮೇಲೆ ಹೆಂಚು ಹೊದಿಸಿದಂತೆ ಹುರುಪೆಗಳಿದ್ದು, ಬೆವರಿನ ತೇವ, ಮೈಯ ಬಿಸಿ ಮತ್ತು ಉಜ್ಜಾಟ ಸೇರಿದರೆ ಎಳೆಗಳು ಒಂದಕ್ಕೊಂದು ಕಚ್ಚಿಕೊಂಡು ಗಂಟುಗಟ್ಟುತ್ತವೆ. ಅಂಥ ಜಾಗದಲ್ಲಿ ದಿನವಿಡೀ ಉಳಿದ ಕಾಯಿಯ ಸುತ್ತ ಉಣ್ಣೆಯ ಗೂಡೇ ಕಟ್ಟಿಕೊಂಡಿರುತ್ತದೆ. ಉಳಿದ ಕಡೆಯ ಮುಳ್ಳುಗಳನ್ನು ಹಾಗೆಯೇ ಬಿಡುವುದು ವಾಸಿ, ಏಕೆಂದರೆ ಕಾಯಿ ಕೀಳುವಾಗಿನ ಚರಚರ ಸದ್ದು ಉಣ್ಣೆ ಉಟ್ಟ ಉದ್ದೇಶವನ್ನೇ ಕೆಡಿಸುತ್ತದೆ.

ಉಪಕರಣಗಳ ಹೋಲಿಕೆ

ಕೈಯಿಂದ ಆರಿಸುವುದು ನಿಧಾನ, ಆದರೆ ಹೆಣೆದ ಬಟ್ಟೆಗೆ ಅದಕ್ಕಿಂತ ಸುರಕ್ಷಿತವಾದದ್ದು ಇಲ್ಲ. ಇಲ್ಲಿ ಕೌಶಲವಿರುವುದು ದಿಕ್ಕಿನಲ್ಲಿ. ಹೆಚ್ಚಿನವರು ಬಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು ಕಾಯಿಯನ್ನು ಎಳೆಯುತ್ತಾರೆ. ಆಗ ಎಲ್ಲ ಕೊಕ್ಕೆಗಳೂ ಒಟ್ಟಿಗೆ ಬಿಗಿಯಾಗುತ್ತವೆ. ಕಾಯಿಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯ ಉಗುರಿನಿಂದಲೋ ಸೂಜಿಯ ಮೊಂಡು ತುದಿಯಿಂದಲೋ ಎಳೆಗಳನ್ನು ಒಂದೊಂದು ಪದರವಾಗಿ ಕಾಯಿಯಿಂದ ಸರಿಸುತ್ತಾ ಬಂದರೆ, ಒಂದು ಸಲಕ್ಕೆ ಕೆಲವೇ ಕೊಕ್ಕೆಗಳ ಹಿಡಿತವನ್ನು ಎದುರಿಸಿದರೆ ಸಾಕು. ಕೈಗೆ ತೊಗಲಿನ ಅಥವಾ ನಯವಾದ ರಬ್ಬರಿನ ಗವಸು ಹಾಕಿಕೊಳ್ಳಬೇಕು. ಉಣ್ಣೆಯ ಗವಸು ಹಾಕಿಕೊಂಡರೆ ಮುಳ್ಳು ಕೋಟಿನಿಂದ ಗವಸಿಗೆ ವರ್ಗವಾಗುವುದಷ್ಟೇ.

ಇಕ್ಕಳವನ್ನು ಶಿಫಾರಸು ಮಾಡಿದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಆದರೂ ಬರ್ಡಾಕ್ ಮತ್ತು ಮರುಳುಮತ್ತಿ ಎರಡಕ್ಕೂ ನನ್ನ ಮೊದಲ ಆಯ್ಕೆ ಅದೇ, ಎಳೆಯುವುದಕ್ಕಾಗಿ ಅಲ್ಲ, ಹಿಸುಕುವುದಕ್ಕಾಗಿ. ಬರ್ಡಾಕ್ ಕಾಯಿಯನ್ನು ಇಕ್ಕಳದ ಬಾಯಲ್ಲಿ ಹಿಡಿದು ಚಪ್ಪಟೆಯಾಗುವಂತೆ ಒತ್ತಿ, ಕಾಯಿಯನ್ನು ತುಸು ತಿರುಗಿಸಿ ಮತ್ತೊಮ್ಮೆ ಒತ್ತಿದರೆ ಒಣ ಕೊಕ್ಕೆಗಳಲ್ಲಿ ಬಹುಪಾಲು ಬುಡದಲ್ಲೇ ಮುರಿಯುತ್ತವೆ. ಬಟ್ಟೆಯಲ್ಲಿ ಉಳಿಯುವುದು ಇಡೀ ಕಾಯಿಯ ಬದಲು ಹಿಡಿತ ಕಳೆದುಕೊಂಡ ಹೊಟ್ಟು, ಮತ್ತು ಅದನ್ನು ಬಾಚಣಿಗೆ ಸಲೀಸಾಗಿ ಸಾಗಹಾಕುತ್ತದೆ. ಮರುಳುಮತ್ತಿಯ ಕಾಯಿಗೆ ಹೆಚ್ಚು ಬಲ ಬೇಕು. ಅದು ಪುಡಿಯಾಗುವ ಬದಲು ಸೀಳುತ್ತದೆ, ಸೀಳಿದ ಹೋಳುಗಳನ್ನು ಒಂದೊಂದಾಗಿ ತಿರುಗಿಸಿ ತೆಗೆಯುವುದು ಇಡಿಯದನ್ನು ತೆಗೆಯುವುದಕ್ಕಿಂತ ಬಹಳ ಸುಲಭ. ಇಕ್ಕಳದ ಬಾಯಿಗೆ ಉಣ್ಣೆ ಸಿಕ್ಕಿಕೊಳ್ಳದಂತೆ ಎಚ್ಚರ ವಹಿಸಬೇಕು. ಬಾಯಲ್ಲಿ ಹಲ್ಲುಗೀರುಗಳಿಲ್ಲದ, ನಯವಾದ ಇಕ್ಕಳ ಸಿಕ್ಕರೆ ಉತ್ತಮ.

ಬಾಚಣಿಗೆಗಳಲ್ಲಿ ಎರಡು ಬೇಕು. ನಾಯಿಯ ತುಪ್ಪಳ ಬಾಚುವ ಲೋಹದ ಅಗಲ ಹಲ್ಲಿನ ಬಾಚಣಿಗೆ ಹಿಸುಕಿದ ಕಾಯಿಯ ಹೊಟ್ಟನ್ನು ಎತ್ತುವುದಕ್ಕೆ. ಹೇನು ತೆಗೆಯುವ ಸೀರಣಿಗೆಯಂಥ ಕಿರುಹಲ್ಲಿನದು ಬಿಡಿ ಕೊಕ್ಕೆ ಮತ್ತು ಗೇಲಿಯಂ ಕಾಯಿಗಳಿಗೆ. ಪ್ಲಾಸ್ಟಿಕ್ಕಿನದು ಹಲ್ಲು ಬಾಗಿಸುವುದರಿಂದ ಮುಳ್ಳಿನ ಮೇಲೆ ಜಾರುತ್ತದೆ, ಕೆಲಸಕ್ಕೆ ಬಾರದು. ತಲೆ ಬಾಚುವಾಗ ಗಂಟನ್ನು ತುದಿಯಿಂದ ಬಿಡಿಸುವ ಹಾಗೆಯೇ ಇಲ್ಲಿಯೂ ನವಿರಿನ ತುದಿಯಿಂದ ಆರಂಭಿಸಿ ಬುಡದ ಕಡೆಗೆ ಇಳಿಯಬೇಕು, ಮತ್ತು ಬಾಚುವ ಜಾಗದ ಕೆಳಗೆ ಬಟ್ಟೆಯನ್ನು ಅಂಗೈಯಿಂದ ಒತ್ತಿ ಹಿಡಿದಿರಬೇಕು. ಒತ್ತಿ ಕುಗ್ಗಿಸಿದ ಬಟ್ಟೆ ಮತ್ತು ನವಿರೆದ್ದ ಕಂಬಳಿಯಂಥ ಬಟ್ಟೆಗೆ ಬಾಚಣಿಗೆಯೇ ಮೇಲು. ಹೆಣೆದ ಬಟ್ಟೆಗೆ ಅದನ್ನು ತಾಗಿಸಲೇಬಾರದು. ಹಲ್ಲುಗಳಿಗೆ ಮುಳ್ಳು ಯಾವುದು, ಕುಣಿಕೆ ಯಾವುದು ಎಂಬ ಭೇದ ಗೊತ್ತಾಗುವುದಿಲ್ಲ.

ಬಿಡೆನ್ಸ್ ಬೀಜಕ್ಕೂ ಡೆಸ್ಮೋಡಿಯಂ ಚೂರುಗಳಿಗೂ ಬಾಚಣಿಗೆ ಅಷ್ಟು ಒದಗುವುದಿಲ್ಲ. ಅಲ್ಲಿ ಗೆಲ್ಲುವುದು ಮೊಂಡು ಚಾಕು. ಊಟದ ಮೇಜಿನ ಹರಿತವಿಲ್ಲದ ಚಾಕು, ಬೇಟೆಚಾಕುವಿನ ಬೆನ್ನು, ಗಟ್ಟಿ ಪ್ಲಾಸ್ಟಿಕ್ ಕಾರ್ಡಿನ ಅಂಚು, ಇವುಗಳಲ್ಲಿ ಯಾವುದಾದರೂ ಆದೀತು. ಬಟ್ಟೆಯನ್ನು ಹಲಗೆಯ ಮೇಲೆ ಅಥವಾ ಮೊಣಕಾಲಿನ ಮೇಲೆ ಬಿಗಿಯಾಗಿ ಹರಡಿ, ಅಲಗನ್ನು ಬಹುಮಟ್ಟಿಗೆ ಮಲಗಿಸಿ ಹಿಡಿದು, ಒಂದೇ ದಿಕ್ಕಿನಲ್ಲಿ ಚುಟುಕಾಗಿ ಕೆರೆಯುತ್ತಾ ಹೋಗಬೇಕು. ಬೀಜ ಅಡ್ಡಲಾಗಿ ಮಗುಚಿಕೊಳ್ಳುತ್ತದೆ; ಅದರ ಕವಲುಗಳು ಒಂದೋ ಜಾರಿ ಹೊರಬರುತ್ತವೆ, ಇಲ್ಲವೇ ಮುರಿಯುತ್ತವೆ. ನೂರಾರು ಬೀಜಗಳನ್ನು ಚಿಮಟದಿಂದ ಒಂದೊಂದಾಗಿ ಕೀಳುವ ಶ್ರಮಕ್ಕೆ ಹೋಲಿಸಿದರೆ ಇದರಿಂದ ಉಳಿಯುವ ಸಮಯ ಅಪಾರ. ಕೊರತೆಯೆಂದರೆ ಮುರಿದ ಕವಲಿನ ತುದಿಗಳು ಬಟ್ಟೆಯೊಳಗೆ ಉಳಿದು ಆಮೇಲೆ ಚುಚ್ಚುತ್ತವೆ. ಆದಕಾರಣ ಕೆರೆದಾದ ಮೇಲೆ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ, ಅಂಗೈಯಿಂದ ಸವರಿ ನೋಡಿ, ತಗಲಿದ ತುದಿಗಳನ್ನು ಚಿಮಟದಿಂದ ಒಳಬದಿಯಿಂದಲೇ ಎಳೆದು ತೆಗೆಯಬೇಕು. ಊಬಿನ ಹುಲ್ಲಿಗೂ ಇದೇ ಮಾರ್ಗ. ಹೊರಗಿನಿಂದ ಊಬು ಹಿಡಿದು ಎಳೆದರೆ ಬೀಜ ಕಳಚಿ ಒಳಗೇ ಉಳಿಯುತ್ತದೆ. ಅದು ಹೊರಟಿದ್ದ ದಿಕ್ಕಿನಲ್ಲೇ, ಅಂದರೆ ಒಳಬದಿಗೆ, ಪೂರ್ತಿ ದಾಟಿಸಿಬಿಟ್ಟರೆ ಹಿಮ್ಮುಳ್ಳು ಅಡ್ಡಿಯಾಗುವುದಿಲ್ಲ. ಚಿಮಟವನ್ನು ಇಂಥ ಅಳಿದುಳಿದ ಕೆಲಸಕ್ಕೆ ಇಟ್ಟುಕೊಳ್ಳುವುದೇ ಸರಿ. ಇಡೀ ಕೋಟನ್ನು ಅದರಿಂದ ಶುಚಿಗೊಳಿಸಹೊರಟವರ ತಾಳ್ಮೆ ಮೊದಲ ತೋಳು ಮುಗಿಯುವಷ್ಟರಲ್ಲಿ ಮುಗಿದಿರುತ್ತದೆ.

ಬ್ರಷ್‌ಗಳ ವಿಷಯದಲ್ಲಿ ಎರಡು ಮಾತು. ಬಟ್ಟೆಗೆಂದೇ ಮಾಡಿದ ಬಿರುಗೂದಲಿನ ಬ್ರಷ್ ಸಡಿಲಗೊಂಡ ಹೊಟ್ಟನ್ನು ಗುಡಿಸಲು ಒಳ್ಳೆಯದು, ಆದರೆ ಹಿಡಿದುಕೊಂಡ ಕಾಯಿಯನ್ನು ಅದು ಅಲುಗಿಸಲಾರದು. ಸಾಕುಪ್ರಾಣಿಗಳಿಗೆ ಬಳಸುವ, ಬಾಗಿದ ಸಣ್ಣ ತಂತಿಗಳ ಬ್ರಷ್ ಕಾಯಿಯನ್ನು ಅಲುಗಿಸುತ್ತದೆ, ಆದರೆ ಪ್ರತಿ ಸಲವೂ ನವಿರನ್ನು ಹೆರೆದು ತೆಗೆಯುತ್ತದೆ. ದಪ್ಪ ಮ್ಯಾಕಿನಾ ಕೋಟಿಗೆ ವರ್ಷಕ್ಕೊಮ್ಮೆ ತಡೆಯಬಹುದಾದ ಉಪಚಾರ ಅದು. ಪ್ರತಿ ಬೇಟೆಯ ನಂತರವೂ ಹಾಗೆ ಮಾಡಿದರೆ ಕೋಟು ಮೊಣಕೈಯಲ್ಲಿ ತೆಳುವಾಗುತ್ತಾ ಹೋಗುತ್ತದೆ.

ಅಂಟುಟೇಪು ಮತ್ತು ಅಂಟುರೋಲರನ್ನು ಅನೇಕರು ಮೊದಲ ಉಪಾಯವೆಂದು ಭಾವಿಸುತ್ತಾರೆ. ಟೇಪಿನ ಅಂಟಿಗಿಂತ ಕೊಕ್ಕೆಯ ಹಿಡಿತ ಬಲವಾದದ್ದು, ಹಾಗಾಗಿ ಟೇಪು ಎತ್ತುವುದು ಆಗಲೇ ಸಡಿಲವಾಗಿರುವುದನ್ನು ಮಾತ್ರ. ಕೆರೆದು, ಬಾಚಿ ಮುಗಿದ ಮೇಲೆ ಕೊನೆಯ ಹೊಟ್ಟನ್ನು ಎತ್ತಲು ಅದು ಸೊಗಸಾಗಿ ಒದಗುತ್ತದೆ, ಮುಖ್ಯವಾಗಿ ಬರ್ಡಾಕಿನ ಬಿರುಗೂದಲನ್ನು ಗಾಳಿಗೆ ಹಾರದಂತೆ ಹಿಡಿಯಲು. ತೀರಾ ಗಟ್ಟಿ ಅಂಟಿನ ಟೇಪು ನವಿರಿನಲ್ಲಿ ಅಂಟಿನ ಅಂಶವನ್ನೂ ವಾಸನೆಯನ್ನೂ ಬಿಡುತ್ತದೆ. ವ್ಯಾಕ್ಯೂಮ್ ಕ್ಲೀನರ್ ಕೂಡ ಟೇಪಿನಂತೆಯೇ ಸಡಿಲವಾದದ್ದನ್ನು ಮಾತ್ರ ಎತ್ತುತ್ತದೆ.

ಉಣ್ಣೆಯ ಮೇಲೇಳುವ ಉಂಡೆಗಳನ್ನು ಕತ್ತರಿಸುವ ಶೇವರ್ ಯಂತ್ರ ಮತ್ತು ಗಡ್ಡದ ರೇಜರು ಕೊನೆಯ ಅಸ್ತ್ರಗಳು. ಇವು ಮುಳ್ಳನ್ನಲ್ಲ, ಮುಳ್ಳು ಹಿಡಿದ ಎಳೆಯನ್ನು ಕತ್ತರಿಸುತ್ತವೆ. ಮೊದಲೇ ಹೇಳಿದ ನಿಯಮಕ್ಕೆ ಇದು ತಲೆಕೆಳಗಾದ ಕ್ರಮ. ಕುಗ್ಗಿಸಿದ ದಟ್ಟ ಬಟ್ಟೆಯಲ್ಲಿ ಕಾಯಿಯ ಸುತ್ತ ಗಂಟುಗಟ್ಟಿ ಬೇರೆ ದಾರಿಯೇ ಇಲ್ಲವೆಂದಾದಾಗ, ಮೊನಚು ತುದಿಯ ಸಣ್ಣ ಕತ್ತರಿಯಿಂದ ಕಾಯಿಯನ್ನೇ ಎರಡು ಮೂರು ತುಂಡಾಗಿ ಕತ್ತರಿಸಿ ನೋಡುವುದು ರೇಜರಿಗಿಂತ ಮೇಲು. ಕಾಯಿಯ ಮಧ್ಯಭಾಗ ಹೋದರೆ ಕೊಕ್ಕೆಗಳಿಗೆ ಆಧಾರ ತಪ್ಪುತ್ತದೆ.

ನೀರು, ಎಣ್ಣೆ, ರಸಾಯನ

ಮುಳ್ಳು ಹತ್ತಿದ ಉಡುಪನ್ನು ಹಾಗೆಯೇ ವಾಷಿಂಗ್ ಮೆಷಿನ್ನಿಗೆ ಹಾಕುವುದಕ್ಕಿಂತ ಕೆಟ್ಟ ಆಯ್ಕೆ ಬೇರೊಂದಿಲ್ಲ. ನೀರು ಮುಳ್ಳನ್ನು ಮೆತ್ತಗಾಗಿಸಿ ಮುರಿಯದಂತೆ ಮಾಡುತ್ತದೆ, ತಿರುಗಾಟ ಎಳೆಗಳನ್ನು ಅದರ ಸುತ್ತ ಗಂಟುಗಟ್ಟಿಸುತ್ತದೆ, ಬಿಚ್ಚಿಕೊಂಡ ಕೆಲವು ಕಾಯಿಗಳು ಜೊತೆಗಿದ್ದ ಬಟ್ಟೆಗಳಿಗೆಲ್ಲ ಹಂಚಿಹೋಗುತ್ತವೆ. ಡ್ರೈಯರಿನಲ್ಲಿ ಬಿಸಿಯಿಲ್ಲದೆ ತಿರುಗಿಸಿದರೆ ಮುಳ್ಳು ಉದುರುತ್ತದೆಂಬ ಸಲಹೆಯೂ ಚಾಲ್ತಿಯಲ್ಲಿದೆ. ನಯವಾದ ಸಿಂಥೆಟಿಕ್ ಬಟ್ಟೆಗೆ ಅದು ಸ್ವಲ್ಪ ಮಟ್ಟಿಗೆ ಸರಿಯಿರಬಹುದು, ಉಣ್ಣೆಗೆ ಸಲ್ಲದು. ಒಗೆಯುವುದೇನಿದ್ದರೂ ಮುಳ್ಳೆಲ್ಲ ತೆಗೆದ ನಂತರ, ತಣ್ಣೀರಿನಲ್ಲಿ, ಉಣ್ಣೆಗೆಂದೇ ಮಾಡಿದ ಸೌಮ್ಯ ಸೋಪಿನಿಂದ. ಪ್ರೋಟೀನ್ ಕಲೆಗಳನ್ನು ಕರಗಿಸುವ ಕಿಣ್ವವಿರುವ ಡಿಟರ್ಜೆಂಟ್ ಬೇಟೆಯ ರಕ್ತದ ಕಲೆಗೆ ಒಳ್ಳೆಯದೆನಿಸಬಹುದು, ಆದರೆ ಉಣ್ಣೆಯೇ ಪ್ರೋಟೀನು ಎಂಬುದನ್ನು ಮರೆಯಬಾರದು. ಫ್ರೀಜರಿನಿಂದ ಚ್ಯೂಯಿಂಗ್ ಗಮ್ ಗಟ್ಟಿಯಾಗಿ ಬಿಟ್ಟುಕೊಟ್ಟೀತು. ಆಗಲೇ ಒಣಗಿರುವ ಮುಳ್ಳಿಗೆ ಅದರಿಂದ ಆಗುವುದು ಏನೂ ಇಲ್ಲ.

ಕುದುರೆಯ ಬಾಲದಿಂದ, ನಾಯಿಯ ಕಿವಿಯಿಂದ ಅಂಟುಮುಳ್ಳು ಬಿಡಿಸುವವರು ಎಣ್ಣೆ ಅಥವಾ ಕಂಡೀಶನರ್ ಹಚ್ಚುತ್ತಾರೆ, ಮತ್ತು ಅಲ್ಲಿ ಅದು ಕೆಲಸ ಮಾಡುತ್ತದೆ, ಏಕೆಂದರೆ ಕೂದಲು ಉದ್ದವಾಗಿ ಬಿಡಿಬಿಡಿಯಾಗಿರುತ್ತದೆ, ಆಮೇಲೆ ಚೆನ್ನಾಗಿ ತೊಳೆಯಲೂ ಬರುತ್ತದೆ. ದಪ್ಪ ಉಣ್ಣೆಯ ಬಟ್ಟೆಯೊಳಗೆ ಇಳಿದ ಎಣ್ಣೆಯನ್ನು ಹೊರಗೆ ತರಲು ಪದೇ ಪದೇ ಒಗೆಯಬೇಕಾಗುತ್ತದೆ. ಅಷ್ಟರಲ್ಲಿ ಕೋಟು ಕುಗ್ಗಿರುತ್ತದೆ. ಬೇಟೆಯ ಉಡುಪಿನಲ್ಲಿ ಕಂಡೀಶನರಿನ ಸುಗಂಧ ಬೇರೊಂದು ತೊಡಕು, ಜಿಂಕೆಯ ಮೂಗಿಗೆ ಅದು ಹೂವಿನ ಪರಿಮಳವಾಗಿ ತೋರುವುದಿಲ್ಲ. ಒಟ್ಟಿನಲ್ಲಿ ಇದನ್ನು ನಾಯಿಗೆ ಬಿಟ್ಟುಕೊಡುವುದು ಒಳಿತು.

ರಸಾಯನದ ಮಾತು ಬಂದಾಗ ಉಣ್ಣೆಯ ಉದ್ಯಮ ಏನು ಮಾಡುತ್ತದೆ ಎಂಬುದನ್ನು ತಿಳಿದಿರುವುದು ಉಪಯುಕ್ತ. ಕುರಿಯ ಮೈಗೂ ಇದೇ ಮುಳ್ಳುಗಳು ಅಂಟುತ್ತವೆ, ಮತ್ತು ಕಾರ್ಖಾನೆಗಳಿಗೆ ಬರುವ ಉಣ್ಣೆಯಲ್ಲಿ ಸಸ್ಯಕಸ ಎಷ್ಟಿದೆ ಎಂಬುದು ಅದರ ಬೆಲೆಯನ್ನು ನಿರ್ಧರಿಸುವ ಅಂಶಗಳಲ್ಲಿ ಒಂದು. ನೀಳ ಎಳೆಯ ನಯವಾದ ವರ್ಸ್ಟೆಡ್ ನೂಲಿಗಾದರೆ ಬಾಚುವ ಯಂತ್ರವೇ ಮುಳ್ಳಿನ ಚೂರುಗಳನ್ನು ಬೇರ್ಪಡಿಸುತ್ತದೆ. ಗಿಡ್ಡ ಎಳೆಯ ಉಣ್ಣೆಗೆ ಕಾರ್ಬನೈಸಿಂಗ್ ಎಂಬ ವಿಧಾನವಿದೆ: ತೊಳೆದ ಉಣ್ಣೆಯನ್ನು ತೆಳು ಸಲ್ಫ್ಯೂರಿಕ್ ಆಮ್ಲದಲ್ಲಿ ಅದ್ದಿ, ಒಣಗಿಸಿ, 100 ಡಿಗ್ರಿ ಸೆಲ್ಸಿಯಸ್‌ಗೂ ಮೀರಿದ ಬಿಸಿಯಲ್ಲಿ ಕಾಯಿಸುತ್ತಾರೆ. ಆಮ್ಲ ಮುಳ್ಳಿನಲ್ಲಿರುವ ಸೆಲ್ಯುಲೋಸ್ ಎಂಬ ಸಸ್ಯವಸ್ತುವನ್ನು ಕರಕಲಾಗಿಸುತ್ತದೆ, ಉಣ್ಣೆಯ ಪ್ರೋಟೀನಾದ ಕೆರಟಿನ್ ಅದನ್ನು ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಬಳಿಕ ರೋಲರುಗಳ ನಡುವೆ ಹಾಯಿಸಿ ಕರಕಲನ್ನು ಪುಡಿಮಾಡಿ ಕೊಡವಿ, ಉಳಿದ ಆಮ್ಲವನ್ನು ಸೋಡಾದಿಂದ ಶಮನಗೊಳಿಸುತ್ತಾರೆ. ಮುಳ್ಳನ್ನು ಗರಿಗರಿಯಾಗಿಸಿ ಪುಡಿಮಾಡುವ ಈ ತತ್ತ್ವವೇ ಒಣಗಿಸಿ ಇಕ್ಕಳದಿಂದ ಹಿಸುಕುವ ಮನೆವಿಧಾನದಲ್ಲೂ ಇದೆ.

ಆದರೆ ಆಮ್ಲವನ್ನು ಮನೆಗೆ ತರುವ ಯೋಚನೆ ಬೇಡ. ಆಮ್ಲದ ಅಪಾಯ ಒಂದು ಕಡೆಗಿರಲಿ, ಹೊಲಿದ ಉಡುಪು ಬರಿಯ ಉಣ್ಣೆಯಲ್ಲ. ಅದರ ಹೊಲಿಗೆಯ ದಾರ, ಜೇಬಿನ ಚೀಲ, ಕಾಲರಿನ ಒಳಪಟ್ಟಿ ಹತ್ತಿಯದ್ದಾಗಿರಬಹುದು, ಮತ್ತು ಹತ್ತಿ ಎಂದರೆ ಮುಳ್ಳಿನಂತೆಯೇ ಸೆಲ್ಯುಲೋಸು. ಮುಳ್ಳನ್ನು ಕರಕಲಾಗಿಸುವ ಆಮ್ಲ ಹೊಲಿಗೆಯನ್ನೂ ಕರಕಲಾಗಿಸುತ್ತದೆ. ಕಾಸ್ಟಿಕ್ ಸೋಡಾ ಮತ್ತು ಕ್ಲೋರಿನ್ ಬ್ಲೀಚುಗಳದ್ದು ಇದಕ್ಕೆ ವಿರುದ್ಧ ಸ್ವಭಾವ; ಅವು ಉಣ್ಣೆಯನ್ನೇ ಕರಗಿಸಿ, ಮುಳ್ಳನ್ನು ಬೆಳ್ಳಗೆ ಹೊಳೆಯುವಂತೆ ಉಳಿಸುತ್ತವೆ. ಡ್ರೈಕ್ಲೀನಿಂಗ್ ದ್ರಾವಣಗಳು ಜಿಡ್ಡನ್ನು ತೆಗೆಯಲು ಇರುವಂಥವು, ಕೊಕ್ಕೆಯನ್ನು ಬಿಡಿಸಲು ಅಲ್ಲ. ಅಂಗಡಿಗೆ ಕೊಟ್ಟರೆ ಅಲ್ಲಿಯೂ ಯಾರಾದರೂ ಕೈಯಿಂದಲೇ ಆರಿಸಬೇಕಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸಬೇಕು

ದಟ್ಟ ಕೋಟಿಗೆ ಬರ್ಡಾಕ್ ಹತ್ತಿದ್ದರೆ ಇಕ್ಕಳ, ಅನಂತರ ಅಗಲ ಹಲ್ಲಿನ ಬಾಚಣಿಗೆ, ಅನಂತರ ಸೀರಣಿಗೆ, ಕೊನೆಗೆ ಟೇಪು. ಅದೇ ಕೋಟಿಗೆ ಬಿಡೆನ್ಸ್ ಅಥವಾ ಡೆಸ್ಮೋಡಿಯಂ ಹತ್ತಿದ್ದರೆ ಮೊಂಡು ಚಾಕುವಿನಿಂದ ಆರಂಭಿಸಿ ಒಳಬದಿಯ ತಪಾಸಣೆಯಿಂದ ಮುಗಿಸುವುದು. ಟ್ವೀಡಿಗೆ ಚಾಕು ಸಲ್ಲುತ್ತದೆ, ಬಾಚಣಿಗೆಯನ್ನು ಹಗುರವಾಗಿ ಮಾತ್ರ ಬಳಸಬೇಕು. ಸ್ವೆಟರಿಗೆ ಯಾವ ಕಾಯಿ ಹತ್ತಿದ್ದರೂ ಇಕ್ಕಳದಿಂದ ಹಿಸುಕಿ ಕೈಯಿಂದ ಆರಿಸುವುದೊಂದೇ ದಾರಿ. ಕುಣಿಕೆ ಎಳೆದುಬಂದಿದ್ದರೆ ಕತ್ತರಿಸದೆ, ಮೊಂಡು ಸೂಜಿಯಿಂದ ಒಳಬದಿಗೆ ಎಳೆದುಕೊಂಡು ಅಕ್ಕಪಕ್ಕದ ಹೆಣಿಗೆಗೆ ಹಂಚಿಬಿಡಬೇಕು. ಒಂದೇ ಒಂದು ಉಪಕರಣವನ್ನು ಚೀಲದಲ್ಲಿ ಒಯ್ಯುವುದಾದರೆ ನಾನು ಒಯ್ಯುವುದು ಅಗಲ ಹಲ್ಲಿನ ಲೋಹದ ಬಾಚಣಿಗೆ. ಚಾಕು ಹೇಗೂ ಸೊಂಟದಲ್ಲಿರುತ್ತದೆ, ಅದರ ಬೆನ್ನು ಸಾಕು.

ಹೊಸ ಉಡುಪು ಕೊಳ್ಳುವ ಹಂತದಲ್ಲಿರುವವರಿಗೆ ಇನ್ನೊಂದು ಆಯ್ಕೆ ತೆರೆದಿರುತ್ತದೆ. ಮುಳ್ಳು ಹೆಚ್ಚು ಹತ್ತುವುದು ಮೊಣಕಾಲಿನ ಕೆಳಗೆ ಮತ್ತು ತೋಳಿನ ತುದಿಗಳಲ್ಲಿ. ಪ್ಯಾಂಟಿಗೆ ನವಿರೆದ್ದ ಬಟ್ಟೆಯ ಬದಲು ಓರೆಗೆರೆಯ ಬಿಗಿ ನೇಯ್ಗೆಯ ವಿಪ್‌ಕಾರ್ಡ್ ಆರಿಸಿದರೆ ಕೊಕ್ಕೆಗೆ ಹಿಡಿಯಲು ನವಿರೇ ಸಿಗುವುದಿಲ್ಲ. ಸದ್ದು ತುಸು ಹೆಚ್ಚಾದರೂ ಕ್ಯಾನ್ವಾಸಿನಷ್ಟಲ್ಲ. ಕೋಟಿನ ಮೇಲೆ ನೈಲಾನ್ ಹೊದಿಕೆ ತೊಡುವುದು ಮುಳ್ಳಿಗೆ ಪೂರ್ಣ ಪರಿಹಾರ, ಆದರೆ ಹಾಗೆ ಮಾಡಿದ ಮೇಲೆ ಉಣ್ಣೆಯ ಮೌನವೂ ಹೋಗುತ್ತದೆ. ನಡುದಾರಿಯೆಂದರೆ ಮೊಣಕಾಲಿನವರೆಗೆ ಕಾಲನ್ನು ಸುತ್ತಿ ಮುಚ್ಚುವ ಗೇಟರ್ ಪಟ್ಟಿ ಕಟ್ಟಿಕೊಂಡು ಮೇಲೆ ಉಣ್ಣೆಯನ್ನೇ ಇಟ್ಟುಕೊಳ್ಳುವುದು. ಪೊದೆಯೊಳಗೆ ನುಗ್ಗಿ ಓಡಾಡುವ ಬೇಟೆಗೆ ಈ ಜೋಡಿ ಹೊಂದುತ್ತದೆ. ಒಂದೇ ಕಡೆ ಕಾದು ಕೂರುವವರಿಗೆ ಗೇಟರಿನ ಅಗತ್ಯ ಅಷ್ಟಿಲ್ಲ.

ಬಿಡಿಸಿದ ಮುಳ್ಳುಗಳನ್ನು ಎಲ್ಲಿ ಹಾಕುತ್ತೀರಿ ಎಂಬುದೂ ಗಮನಿಸಬೇಕಾದ ಸಂಗತಿ. ಕೊಕ್ಕೆಯ ಕಾಯಿಗಳೆಲ್ಲ ಬೀಜ ಹರಡುವುದಕ್ಕಾಗಿಯೇ ರೂಪುಗೊಂಡಂಥವು; ಮರುಳುಮತ್ತಿಯ ಒಂದು ಕಾಯಿಯಲ್ಲಿ ಎರಡು ಬೀಜಗಳಿದ್ದು, ಸಾಮಾನ್ಯವಾಗಿ ಒಂದು ಮೊದಲು ಮೊಳೆತರೆ ಇನ್ನೊಂದು ಮುಂದಿನ ಕಾಲಕ್ಕೆ ಕಾಯುತ್ತದೆ, ಮತ್ತು ಅದರ ಬೀಜವೂ ಎಳೆಯ ಸಸಿಯೂ ದನಕರುಗಳಿಗೆ ವಿಷ. ಬೇರೆ ಕಾಡಿನಿಂದ ಹೊತ್ತು ತಂದದ್ದನ್ನು ಅಂಗಳದಲ್ಲೋ ಹೊಲದ ಬದುವಿನಲ್ಲೋ ಕೊಡವದೆ, ಕೆಳಗೆ ಕಾಗದ ಹಾಸಿಕೊಂಡು ಬಿಡಿಸಿ, ಕಾಗದ ಸಮೇತ ಕಟ್ಟಿ, ಬೆಂಕಿ ಹಾಕಲು ಅವಕಾಶವಿರುವಲ್ಲಿ ಸುಟ್ಟು, ಇಲ್ಲದಿದ್ದರೆ ಬಿಗಿಯಾಗಿ ಮುಚ್ಚಿದ ಚೀಲದಲ್ಲಿ ಕಸಕ್ಕೆ ಹಾಕಬೇಕು. ಕಾಂಪೋಸ್ಟ್ ಗುಂಡಿಗೆ ಹಾಕಬಾರದು. ಉಡುಪನ್ನು ಬೀರುವಿಗೆ ಸೇರಿಸುವ ಮುನ್ನ ಜೇಬಿನ ಮೂಲೆ, ಕಾಲರಿನ ಕೆಳಭಾಗ, ಪ್ಯಾಂಟಿನ ಮಡಿಕೆ ಮತ್ತು ಗುಂಡಿಯ ಹಿಂಬದಿಗಳನ್ನು ಇನ್ನೊಮ್ಮೆ ತಡವಿ ನೋಡುವುದು ಒಳ್ಳೆಯದು. ಅಲ್ಲಿ ಉಳಿದ ಒಂದು ಕಾಯಿ ಪಕ್ಕದಲ್ಲಿ ತೂಗುವ ಸ್ವೆಟರಿಗೆ ದಾಟಿಕೊಳ್ಳುತ್ತದೆ, ಮತ್ತು ಸ್ವೆಟರಿನಿಂದ ತೆಗೆಯುವುದೇ ಈ ಕೆಲಸದಲ್ಲೆಲ್ಲ ಕಷ್ಟವಾದದ್ದು.